ಎಡಕ್ಕೆ ಹೋಗುವವನು

ಪಕ್ಕದ ಮನೆ ಗ್ಲೆನಿಸಳ ಆಟದ ರೈತ
ಎಡಕ್ಕೇ ಹೋಗುತ್ತಾನೆ, ಯಾರೂ ಮುಟ್ಟದೆ.
ಚಹಾಕ್ಕೆ ನೀರಿಡಲು ಅವಳು ಎದ್ದರೆ ಸಾಕು
ಟೊಮೆಟೊ ಪಾತಿ ದಾಟಿ, ಕೋಳಿಗೂಡು ಬಳಸಿ
ಕೆರೆಯಂಚಿಗೆ ಮುಟ್ಟಿ
ನಿಂತಲ್ಲೇ ನಡೆಯುತ್ತಿರುತ್ತಾನೆ
ಮುಂದೆ ಹೋಗಲಾರದೆ, ಹಿಂದೆ ಬರಲೊಲ್ಲದೆ.

"ಕಿವಿ ಮಿಷನ್ನನ್ನೇ ಬಿಚ್ಚಿ ಜೋಡಿಸ್ತೀಯಲ್ಲ ಭಾಗಿ,
ಇದ್ಯಾವ ಲೆಕ್ಕ" ಎಂದು
ಬಿಸ್ಕತ್ತಿನ ಡಬ್ಬಿಯಲ್ಲಿ ಬಟ್ಟೆ ಸುತ್ತಿ ತಂದಳು,
ಕಾಯಿಲೆ ಬೆಕ್ಕನ್ನು ತಂದ ಹಾಗೆ.

ವಯಾಲಾದಲ್ಲಿ ಭಾನುವಾರ.
ಗಾಳಿ ಉಕ್ಕಿನ ಕಾರ್ಖಾನೆ ಕಡೆಯದು, ಹಾಗಾಗಿ
ಒಣಹಾಕಿದ ಬಿಳಿ ಬಟ್ಟೆಯನ್ನೆಲ್ಲ ಮೊದಲು ಒಳಗೆ ತಂದೆ.
ಆಮೇಲೆ ಮೇಜಿನ ಮೇಲೆ ಟವೆಲು, ದೀಪ, ಚಿಮುಟ,
ತಿರುಪು ಹಾಕಿಡಲು ಇಡ್ಲಿ ತಟ್ಟೆ:
ಒಂದನೇ ಕುಳಿಗೆ ಹೊರಗಿನವು, ಎರಡಕ್ಕೆ ಒಳಗಿನವು,
ಮೂರಕ್ಕೆ ಯಾವುದೆಂದು ಮರೆತುಹೋಗುವಂಥವು.

ಹೊರ ತಿರುಪುಗಳ ತಲೆಗೆ ಮೂರು ಕವಲು,
ಕಂಡವರು ಬಿಚ್ಚದಿರಲೆಂದೇ ಮಾಡಿದ್ದು.
ಆದರೆ ಬೀಗದ ಬೆನ್ನಿಗೇ
ಕೀಲಿಕೈ ಮಾರುವವನೂ ಹುಟ್ಟಿರುತ್ತಾನೆ;
ಹನ್ನೊಂದು ಡಾಲರು, ಅಂಚೆ ಖರ್ಚು ಬೇರೆ.

ಬೆನ್ನ ಚಿಪ್ಪು ಕಳಚಿದೆ.
ಒಳಗೆ ಊರೇ ಇತ್ತು.
ಕೆಂಪು ದೂಳು, ಅರೆದ ಅದಿರಿನಷ್ಟು ನಯ,
ಮೂಲೆಮೂಲೆಗೆ ಕೂತಿದೆ, ತಿರುಪಿನ ಕಂಡಿಯಲ್ಲೂ.
ಅವಳ ಗಂಡ ನಾರ್ಮ್ ಮೂವತ್ತೊಂದು ವರ್ಷ
ಬೂಟಿನಲ್ಲಿ ಹೊತ್ತು ತಂದದ್ದೂ ಇದನ್ನೇ.
ಜೊತೆಗೆ ಶುಂಠಿ ಬಿಸ್ಕತ್ತಿನ ಚೂರು,
ಒಂದು ನರೆಗೂದಲು.
ಗ್ಲೆನಿಸ್ ಇಣುಕಿ, "ಅಯ್ಯೋ, ಗುಡಿಸಿರಲಿಲ್ಲ ನಾನು,"
ಎಂದಳು, ಬಾಗಿಲಿಗೆ ನೆಂಟರು ಬಂದಂತೆ.

ಬ್ಯಾಟರಿಯ ತಂತಿ ಮೊದಲು.
ಜೀವ ಹರಿಯುವಾಗ ಒಳಗೆ ಕೈ ಹಾಕಬಾರದು.
ಆಮೇಲೆ ರಿಬ್ಬನ್ನು, ಬಾಳೆನಾರಿಗಿಂತ ತೆಳು,
ಅದನ್ನು ಹಿಡಿದ ಎಳ್ಳಿನಷ್ಟು ಕದ.
ಉಗುರಿನಲ್ಲಿ ಕೇಳಿಕೊಂಡರೆ ಏಳುತ್ತದೆ,
ಒತ್ತಾಯಕ್ಕೆ ಮುರಿಯುತ್ತದೆ.
ಇದನ್ನು ನನಗೆ ಕಲಿಸಿದ್ದು
ಹಿಂದೊಮ್ಮೆ ಮುರಿದ ಒಂದು ಕದ.
ಮೂವರೂ ಉಸಿರು ಬಿಗಿಹಿಡಿದೆವು:
ನಾನು, ಗ್ಲೆನಿಸ್, ಕಿಟಕಿಯ ಪರದೆ.

ಎದ್ದಿತು.

ಹಳೆಯ ಕೋಲು ಅಂಗೈಗೆ ಬಂತು, ನೆಲಗಡಲೆಯಷ್ಟು.
ಸುಮ್ಮನಿರಲಾರದೆ ಅದನ್ನೂ ಬಿಡಿಸಿ ನೋಡಿದೆ.
ಕಪ್ಪು ಇದ್ದಿಲು ಪಟ್ಟಿಯ ಮೇಲೆ
ಒಂದು ಹೊಳಪಿನ ಗೀರು, ಎಡಗಡೆಗೆ ಮಾತ್ರ,
ಹುಲ್ಲಿನಲ್ಲಿ ಕಾಲುದಾರಿ ಬಿದ್ದ ಹಾಗೆ.
"ಎಡಕ್ಕೆ ಏನಿದೆ?"
"ಕೆರೆ," ಎಂದಳು. "ನಿದ್ದೆ ಬಾರದಿದ್ದರೆ
ಮೀನು ಹಿಡಿಯಲು ಹೋಗ್ತೀವಿ."
ಹೋಗ್ತೀವಿ ಎಂದಳು. ನಾನು ಕೇಳಲಿಲ್ಲ.
ಗಂಟು ಕಟ್ಟಿದ ಹೆಬ್ಬೆರಳನ್ನು
ಇನ್ನೊಂದು ಕೈಯಲ್ಲಿ ತಿಕ್ಕುತ್ತಾ ಕೂತಿದ್ದಳು.

ಹೊಸದನ್ನು ಕೂರಿಸಿ, ಕದ ಮುಚ್ಚಿ,
ಕುಳಿ ಮೂರು, ಕುಳಿ ಎರಡು, ಕುಳಿ ಒಂದು,
ತಿರುಪು ಉಳಿಯಲಿಲ್ಲ, ನನಗೇ ಆಶ್ಚರ್ಯ.
ಗುಂಡಿ ಒತ್ತಿದರೆ ಪರದೆಯಲ್ಲಿ ಬೆಳಗಾಯಿತು,
ಕೋಳಿ ಕೂಗಿತು.
ಪಾತಿಯ ನಡುವೆ ರೈತ
ನೆಟ್ಟಗೆ ನಿಂತಿದ್ದಾನೆ.
ಗ್ಲೆನಿಸ್ ನೋಡಿದಳು, ಕನ್ನಡಕ ಒರೆಸಿ ನೋಡಿದಳು.
ಬೇಕೆಂದೇ ಎದ್ದು ಹೋಗಿ, ನಲ್ಲಿ ಬಿಟ್ಟು, ನಿಲ್ಲಿಸಿ,
ತಿರುಗಿ ಬಂದು ನೋಡಿದಳು.
ಬಿಟ್ಟಲ್ಲೇ ಇದ್ದಾನೆ.

"ಚೆನ್ನಾಗಾಯ್ತು," ಎಂದಳು,
ಚೆನ್ನಾಗಾಗದ ದನಿಯಲ್ಲಿ.
ಹಳೆಯ ಚೂರುಗಳನ್ನು ಕೇಳಿ ತೆಗೆದುಕೊಂಡು
ಬಿಸ್ಕತ್ತಿನ ಡಬ್ಬಿಗೇ ಹಾಕಿಕೊಂಡಳು.

ಇಡ್ಲಿ ತಟ್ಟೆಯನ್ನು ಮೂರು ಸಲ ತಿಕ್ಕಿದೆ.
ಆದರೂ ಸೋಮವಾರದ ಒಂದು ಇಡ್ಲಿಯ ಹೊಟ್ಟೆ
ತುಸು ಕೆಂಪೇ. ತಿಂದೆ.
ಈ ಊರಲ್ಲಿ ಹೇಗೂ ತಿನ್ನುತ್ತೇವೆ.

ಗುರುವಾರ ಬೇಲಿಯಾಚೆಯಿಂದ ಗ್ಲೆನಿಸ್:
"ಮೀನೇ ಬೀಳ್ತಿಲ್ಲ ಭಾಗಿ. ಕೆರೆ ಮರೆತುಬಿಟ್ಟಿದ್ದಾನೆ."
"ಇನ್ನು ನೀವೇ ಕರ್ಕೊಂಡು ಹೋಗ್ಬೇಕು ಅವನನ್ನ."
ಬಟ್ಟೆಯ ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ
ಕೈ ಎತ್ತಿ ತೋರಿಸಿದಳು:
"ಹಾಗಾದ್ರೆ ಹೆಬ್ಬೆರಳೂ ಒಂದು
ಅಂಚೆಯಲ್ಲಿ ತರಿಸು."