ನಾಲ್ಕನೇ ಹೊಟ್ಟೆ

ಕರು ಹೋಗಿ ಮೂರು ದಿನ.
ಬೊಳ್ಳಿ ಇನ್ನೂ ಸೊರೆ ಬಿಡುತ್ತಾಳೆ.
ಬಿಡುವುದೆಂದರೆ, ನಾನು ಮೊಣಕೈಗೆ ಉಪ್ಪು ಸವರಿ
ಅವಳ ಮುಂದೆ ಚಾಚಿ ನಿಲ್ಲಬೇಕು, ಅವಳು ನೆಕ್ಕಬೇಕು,
ಅಷ್ಟರೊಳಗೆ ಅತ್ತಿಗೆ ಪೊನ್ನವ್ವ ಕರೆದು ಮುಗಿಸಬೇಕು.
ನಾಲಿಗೆ ಅಲ್ಲ, ಅರ. ಕೈ ಕೆಂಪಾಗಿದೆ.

ವಿರಾಜಪೇಟೆ ಬಂದ್. ಡೈರಿಯ ವ್ಯಾನ್ ಇಲ್ಲ.
ಫ್ರಿಜ್ಜಿನಲ್ಲಿ ಒಂದು ಲೋಟಕ್ಕೂ ಜಾಗವಿಲ್ಲ.
ಪಾಯಸ ಮಾಡಿದೆ. ಯಾರೂ ತಿನ್ನಲಿಲ್ಲ.

ಬೇಲಿಯಾಚೆಯಿಂದ ಸೆಲೆಸ್ತಿನ್ ಬಾಯಿ:
"ಚೀಸು ಮಾಡೇ. ನನ್ನಜ್ಜಿ ದೊರೆಗಳ ಬಂಗಲೆಯಲ್ಲಿ
ವಾರಕ್ಕೊಂದು ಗಟ್ಟಿ ಮಾಡುತ್ತಿದ್ದಳು.
ಏನು ಮಹಾ, ಒಂದು ಪಾತ್ರೆ, ಒಂದು ಬಟ್ಟೆ, ಒಂದು ಭಾರ,
ಆಮೇಲೆ..."
ಆಮೇಲೆ?
"ಕರುವಿನ ನಾಲ್ಕನೇ ಹೊಟ್ಟೆ. ಒಣಗಿಸಿದ್ದು.
ಹಾಲು ಕುಡಿಯುವ ಕರುವಿನದೇ ಆಗಬೇಕು,
ಹುಲ್ಲು ಕಚ್ಚಿದ್ದು ಬರುವುದಿಲ್ಲ."

ಇಬ್ಬರೂ ಒಟ್ಟಿಗೇ ನೋಡಿದೆವು
ಕಿತ್ತಳೆ ಗಿಡದ ಬುಡದ ಹೊಸ ಮಣ್ಣನ್ನು.
ಹನ್ನೆರಡು ದಿನದ್ದು.
ಹುಲ್ಲು ಮೂಸಿತ್ತು. ಕಚ್ಚಿರಲಿಲ್ಲ.

"ನಿಂಬೆಹುಳಿಯೂ ಆದೀತು, ಆದೀತು,"
ಅಂದರು ಬಾಯಿ, ಸೆರಗಿನಲ್ಲಿ ಕನ್ನಡಕ ಒರೆಸುತ್ತ.

ನಿಂಬೆ ಇರಲಿಲ್ಲ. ಇದ್ದದ್ದು ಕಾಚಂಪುಳಿ,
ಕೆಮ್ಮಿನ ಔಷಧದ ಹಳೇ ಸೀಸೆಯಲ್ಲಿ, ಡಾಂಬರಿನಷ್ಟು ಕಪ್ಪು,
ಹಂದಿ ಸಾರಿನ ಹೊರತು ಬೇರೆ ಲೋಕ ಕಾಣದ್ದು.

ನಾಲ್ಕು ಲೀಟರು. ಸ್ಟೀಲಿನ ದಬರಿ. ಮರದ ಸೌಟು.
ಬೆರಳಿಟ್ಟು "ಏಸುವೇ" ಅನ್ನುವ ತನಕ
ತಡೆಯಲಾಗದಿದ್ದರೆ ಕಾವು ಸರಿ, ಇಳಿಸು, ಅಂದಿದ್ದರು.
ನಾನು "ಇಗ್ಗುತಪ್ಪ" ಅಂದೆ.
ಒಂದಕ್ಷರ ಹೆಚ್ಚು, ಬೆರಳು ಬೆಂದಿತು.

ಒಂದು ಚಮಚ. ಏನೂ ಆಗಲಿಲ್ಲ.
ಎರಡು. ಹಾಲಿಗೆ ಟೀ ಬಣ್ಣ.
ಮೂರನೆಯದಕ್ಕೆ, ಮಾತಾಡುತ್ತಿದ್ದವರು
ತಟ್ಟನೆ ನೆನಪಾಗಿ ನಿಲ್ಲಿಸಿದ ಹಾಗೆ,
ಒಡೆಯಿತು.

ಜನ್ಮವಿಡೀ ಹಾಲು ಒಡೆಯದಂತೆ ಕಾದವಳು ನಾನು.
ಒಡೆದದ್ದಕ್ಕೆ ನಕ್ಕದ್ದು ಅದೇ ಮೊದಲು.

ಸೋಸಿದ್ದು ಅಮ್ಮನ ತಲೆವಸ್ತ್ರದಲ್ಲಿ.
ಒತ್ತಿದ್ದು ನೂಪುಟ್ಟಿನ ಒರಳಿನಲ್ಲಿ,
ಹಿಡಿಗೆ ರುಬ್ಬುಗುಂಡು ಕಟ್ಟಿ.
ರಾತ್ರಿ ಎರಡಕ್ಕೆ ಹಗ್ಗ ಜಾರಿ ಗುಂಡು ಬಿತ್ತು.
ಅತ್ತಿಗೆ "ಕಳ್ಳ" ಎಂದು ಮಲೆತಿರಿಕೆ ಬೆಟ್ಟಕ್ಕೆ ಕೇಳುವಂತೆ ಕೂಗಿದಳು.
ಕೊಟ್ಟಿಗೆಯಿಂದ ಬೊಳ್ಳಿ ಓಗೊಟ್ಟಳು,
ಒಮ್ಮೆ, ಮತ್ತೊಮ್ಮೆ, ನಿಲ್ಲಿಸಲೇ ಇಲ್ಲ.
ಯಾರನ್ನು ಕರೆದದ್ದೆಂದುಕೊಂಡಳೋ.

ಬೆಳಿಗ್ಗೆ ಒರಳಿನಿಂದ ಹೊರಬಂದದ್ದು
ಮೇಣದಬತ್ತಿಯ ಮೋಟಿನಂಥದು,
ತಳದಲ್ಲಿ ಬಿಲ್ಲೆಯ ತೂತುಗಳ ಗುರುತು,
ಎಳೆ ಕಂದು.
ಅದೇ ಬಣ್ಣ ಅಲ್ಲವಾ ಎಂದು ನಾನು ಕೇಳಲಿಲ್ಲ.
ಅತ್ತಿಗೆ ಕೇಳಿದಳು.

ಪುಡಿಯುಪ್ಪು ಸವರುವಾಗ
ನೆಕ್ಕಿಸಿಕೊಂಡ ಕೈ ಚುರುಚುರು ಉರಿಯಿತು.
ಬಾಯಿ ಒಂದು ಚೂರು ತಿಂದು, "ಇದು ಚೀಸಲ್ಲ," ಅಂದರು.
ಇನ್ನೊಂದು ಚೂರು ತಿಂದರು.
ಮೂರನೆಯದನ್ನು ಎಲೆಯಲ್ಲಿ ಸುತ್ತಿ ಒಯ್ದರು.

ಉಳಿದ ಹಳದಿ ನೀರು ಅರ್ಧ ಬಕೆಟ್.
ಚೆಲ್ಲಲು ಮನಸ್ಸಾಗದೆ ಬೂಸಾ ಕಲಸಿ
ಬೊಳ್ಳಿಯ ಮುಂದಿಟ್ಟೆ.
ಮೂಸಿದಳು. ಬಹಳ ಹೊತ್ತು ಮೂಸಿದಳು.
ಆಮೇಲೆ ಬಕೆಟ್ಟು ಬಿಟ್ಟು
ನನ್ನ ಕೈ ನೆಕ್ಕತೊಡಗಿದಳು.

ಕರೆಯುವ ಹೊತ್ತಾಗಿರಲಿಲ್ಲ.
ನಾನು ಚೊಂಬೂ ತಂದಿರಲಿಲ್ಲ.