ಎರಡು ವಾರ ಬಿಟ್ಟು ಬಾ, ಯಮನವ್ವ

ಝುವಾರಿನಗರದ ಈ ತಗಡಿನ ದವಾಖಾನೆಯಲ್ಲಿ
ನಾನು ಕಾರವಾರದಿಂದ ಬರುವ ಬುಧವಾರ ಮಾತ್ರ ಕನ್ನಡ.
ಉಳಿದ ದಿನ ಕೊಂಕಣಿ, ಹಿಂದಿ, ಕೈಸನ್ನೆ.

ಯಮನವ್ವ ಎಲೆಯಡಿಕೆ ಚೀಲದಿಂದ ಚೀಟಿ ತೆಗೆಯುತ್ತಾಳೆ.
ಕ್ರಿಯಾಟಿನಿನ್ ಅಂಕೆಯ ಮೇಲೆ
ಸುಣ್ಣದ ಬೆರಳಚ್ಚು.
ಒರೆಸಿ ಓದುತ್ತೇನೆ: ಒಂದು ಪಾಯಿಂಟ್ ಎಂಟು.
ಮೂತ್ರದಲ್ಲಿ ಪ್ರೋಟೀನು ಮೂರು ಪ್ಲಸ್.
ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮೆಲ್ಲಗೆ ಬಿಟ್ಟರೆ
ನೂರ ಎಪ್ಪತ್ತಕ್ಕೇ ಬಾಗಿಲು ಬಡಿಯುತ್ತದೆ ರಕ್ತ.

‘ಸಕ್ಕರಿ ಬಂದು ಹನ್ನೆರಡು ವರ್ಸಾತ್ರಿ.
ಇದು ಬಿ.ಪಿ. ಯಾವಾಗ ಬಂತೋ, ಹೇಳಿ ಬರಲಿಲ್ಲ.’

ಯಾವ ಮಾತ್ರೆ ಬರೆಯಲಿ?
ಒಂದಿದೆ, ಅಗ್ಗದ್ದು, ಒತ್ತಡ ಇಳಿಸುವುದರಲ್ಲಿ ಗಟ್ಟಿಗ,
ಸಂಜೆಗೆ ಕಾಲು ಊದಿಸುತ್ತದೆ.
ಇವಳ ಪಾದ ಈಗಾಗಲೇ ಚಪ್ಪಲಿ ಮೀರಿ ಹೊರಗೆ.
ನೀರಿಳಿಸುವ ಮಾತ್ರೆ ಕೊಡೋಣವೆಂದರೆ
ಇಡೀ ದಿನ ಮಾರ್ಕೆಟ್ಟಿನ ಫುಟ್‌ಪಾತು,
ಪಾಯಖಾನೆಗೆ ಒಂದು ಸಲಕ್ಕೆ ಐದು ರೂಪಾಯಿ.
ಇನ್ನೊಂದು, ಮೂತ್ರಪಿಂಡದ ಕಾವಲಿಗೇ ಹುಟ್ಟಿದಂಥದ್ದು,
ಕೆಲವರಿಗೆ ರಾತ್ರಿಯೆಲ್ಲ ಒಣಕೆಮ್ಮು.
ಅದರ ತಂಗಿಗೆ ಕೆಮ್ಮಿನ ಚಾಳಿಯಿಲ್ಲ, ಕಾವಲೂ ಅಷ್ಟೇ ಬಿಗಿ;
ಅಕ್ಕತಂಗಿಯರನ್ನು ಮಾತ್ರ ಒಟ್ಟಿಗೆ ಮನೆ ತುಂಬಿಸಿಕೊಳ್ಳಬಾರದು.
ಇಬ್ಬರಿಗೂ ಪೊಟ್ಯಾಶಿಯಮ್ ಕೂಡಿಡುವ ಬುದ್ಧಿ.
ಚೀಟಿಯಲ್ಲಿ ಅದು ಆಗಲೇ ಐದರ ಹೊಸ್ತಿಲಲ್ಲಿ.

‘ಏನು ಮಾರ್ತಿ, ಯಮನವ್ವ?’
‘ಬಾಳಿಹಣ್ಣ್ರಿ.’
‘ಉಳಿದದ್ದು?’
ಸೆರಗು ಬಾಯಿಗೊತ್ತಿ ನಗುತ್ತಾಳೆ.
‘ಕರ್ರಗಾದದ್ದನ್ನ ಯಾರ್ ತಗೋತಾರ?
ರಾತ್ರಿ ನನಗ ಅದs ಊಟ.’

ಹನ್ನೆರಡು ವರ್ಷ ಎಲ್ಲರೂ ಹೇಳಿದ್ದಾರೆ, ಸಕ್ಕರೆ ತಿನ್ನಬೇಡ ಎಂದು.
ತಿಂದಿಲ್ಲ ಅವಳು. ಚಹಾ ಕೂಡ ಸಪ್ಪೆ.
ಮೊಣಕಾಲು ನೋವಿಗೆ ಮೆಡಿಕಲ್ ಹುಡುಗ
ಕಾಗದದಲ್ಲಿ ಸುತ್ತಿಕೊಡುವ ಕೆಂಪು ಗುಳಿಗೆ,
ಅದನ್ನೂ ಯಾರೂ ಕೇಳಿಲ್ಲ.
ಕಾಲೇಜಿನಲ್ಲಿ ನನಗೆ ಔಷಧ ಕಲಿಸಿದರು,
ಬುಟ್ಟಿಯನ್ನಲ್ಲ.

ತಂಗಿಯನ್ನೇ ಬರೆದೆ, ಅತಿ ಸಣ್ಣ ಅಳತೆಯಲ್ಲಿ.
ಕೆಂಪು ಗುಳಿಗೆ ಬಂದ್ ಅಂದೆ.
ವಾಂತಿಭೇದಿಯಾದ ದಿನ ಇದನ್ನು ನುಂಗಬೇಡ, ಇಲ್ಲಿಗೆ ಬಾ.
ಹಣ್ಣಿನ ಮಾತಿಗೆ ಬಂದಾಗ ನಾಲಿಗೆ ತಡವರಿಸಿತು.
ಊಟ ಬಿಡು ಎಂದು ಹೇಗೆ ಹೇಳುವುದು?
ರೊಟ್ಟಿಯ ಲೆಕ್ಕ ಹಾಕಿದೆವು ಇಬ್ಬರೂ,
ಜೋಳದ ಹಿಟ್ಟು ಇಲ್ಲಿ ಕಿಲೋಗೆ ಎಷ್ಟು ಎಂದು.

‘ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಡು.
ಈ ಅಂಕೆ ಮೊದಲು ಸ್ವಲ್ಪ ಏರಬಹುದು,
ಏರಿತೆಂದು ಹೆದರಿ ಮಾತ್ರೆ ಬಿಡಬೇಡ.
ಒಳಗಿನ ಒತ್ತಡ ಇಳಿಯುವಾಗ ಹಾಗೆ...’
ನನಗೆ ಕನ್ನಡ ಸಾಲಲಿಲ್ಲ.

ಅವಳೇ ಅಂದಳು:
‘ತಲಿಮ್ಯಾಲಿನ ಬುಟ್ಟಿ ಇಳಿಸಿದ ಕೂಡ್ಲೆ
ಕುತ್ತಿಗಿ ಇನ್ನಷ್ಟು ನೋಯತೈತಲ್ರಿ, ಹಂಗs?’

ಹಂಗೇ, ಯಮನವ್ವ.
ಬಹಳ ಏರಿದರೆ ಬೇರೆ ಮಾತು. ಅದಕ್ಕೇ ಎರಡು ವಾರ.

ಬಾಗಿಲಲ್ಲಿ ತಿರುಗಿ ನಿಂತಳು.
‘ಇದನ್ನ ಎಲ್ಲೀತನಕ ನುಂಗೂದು?’
‘ಇರೋತನಕ.’
‘ಗುಳಿಗಿ ಇರೋತನಕೋ, ನಾ ಇರೋತನಕೋ?’

ಅವಳ ಹಿಂದೆ ಇನ್ನೂ ಹದಿನಾಲ್ಕು ಜನ.
ಚೀಟಿಯಲ್ಲಿ ಸುಣ್ಣ ತಾಗದ ಜಾಗ ಹುಡುಕಿ
ತಾರೀಕು ಬರೆದುಕೊಟ್ಟೆ,
ದೊಡ್ಡ ಅಕ್ಷರದಲ್ಲಿ.