ಮಾವೂರು

ಬೆಂಚಿನ ಮೇಲೆ ಕೂತಿದ್ದೇನೆ, ಕೋಲಾರದ ಬಾಲಮಂದಿರದ ಆಫೀಸಿನಲ್ಲಿ.
ಸೂರಿನ ಹೆಂಚು ಅದೇ, ಬಾಗಿಲ ಮೇಲಿನ ಹಲಗೆ ಮಾತ್ರ ಬೇರೆ.
ಅಂದು ಮಿಷನ್ ಅನಾಥಾಲಯ,
ಇಂದು ಇಲಾಖೆಯ ಹಸಿರು ಬೋರ್ಡು, ಸಹಾಯವಾಣಿಯ ನಂಬರು.
ಗೋಡೆಯ ಸುಣ್ಣ ಉದುರಿದ ಕಡೆ
ಹಳೆಯ ಶಿಲುಬೆಯ ಒಂದು ಕೈ
ಇನ್ನೂ ಇಣುಕುತ್ತದೆ.

ಹುಡುಗಿ ರಿಜಿಸ್ಟರುಗಳನ್ನು ತಂದಿಟ್ಟಳು, ಧೂಳು ಕೊಡವಿ.
"ತಾತ, ನಿಮ್ಮದು ಯಾವ ವರ್ಷ?"
ಅದು ಗೊತ್ತಿದ್ದರೆ ಬರುತ್ತಿದ್ದೆನೇ ತಾಯಿ.
ಹುಟ್ಟಿದ ದಿನ ಜೂನ್ ಒಂದು. ನನ್ನದೂ,
ನನ್ನ ಜೊತೆ ಚಾಪೆ ಹಾಸಿದ ನಲವತ್ತು ಜನರದೂ.
ಒಂದೇ ದಿನ ನಲವತ್ತು ಹೆತ್ತದ್ದು
ಹೆಡ್‌ಮಾಸ್ಟರರ ಇಂಕ್ ಪೆನ್ನು.

ಮೊದಲ ಪುಸ್ತಕ ಧಾತು ಬರದ್ದು.
ಗಾಡಿಯಲ್ಲಿ ಬಂದವು ಹನ್ನೊಂದು, ಉಳಿದವು ಆರು.
ಹೆಸರಿನ ಜಾಗದಲ್ಲಿ ಗೀಟು, ಪಕ್ಕದಲ್ಲಿ ಹೊಸ ಹೆಸರು.
ಸತ್ತವರಿಗೆ ಪಾದ್ರಿಗಳು ಬರೆದರು: ಕರ್ತನಲ್ಲಿ ನಿದ್ರೆಹೋದ.
ಸರ್ಕಾರ ಬಂದ ಮೇಲೆ: ಹೆಸರು ಕಡಿಮೆ ಮಾಡಿದೆ.
ಓಡಿಹೋದವರಿಗೆ ಮಾತ್ರ
ಇಬ್ಬರದೂ ಒಂದೇ ಮಾತು, ಪರಾರಿ.

ನಾನು ಓಡಲಿಲ್ಲ.
ಅಮೆರಿಕದ ಗೋಧಿನುಚ್ಚು ತಿಂದೆ,
ಆ ಚೀಲದ ಬಟ್ಟೆಯಲ್ಲೇ ಚಡ್ಡಿ ಹೊಲಿದುಕೊಂಡೆ;
ಕುಲುಕುವ ಎರಡು ಕೈಗಳ ಚಿತ್ರ ಕುಂಡಿಯ ಮೇಲೆ,
ಎಷ್ಟು ಒಗೆದರೂ ಬಿಡದ ಸ್ನೇಹ.
ಟೈಲರ್ ಆದದ್ದು ಹಾಗೆ.
ಫೋಟೋದ ದಿನ ತಲೆಗೆ ಎಣ್ಣೆ.
ಕರಿಹಲಗೆ ನೋಡಿಕೊಂಡು ಕಾಗದ:
ಪ್ರೀತಿಯ ದಾನಿಗಳೇ, ನಾನು ಕ್ಷೇಮ.
ವಾರ್ಡನ್ ಸುಗುಣಮ್ಮ ಜ್ವರ ಬಂದ ರಾತ್ರಿ
ತನ್ನ ಸೆರಗನ್ನೇ ಒದ್ದೆ ಮಾಡಿ ಹಣೆಗಿಟ್ಟಳು;
ಬೆಳಿಗ್ಗೆ, ತೆಲುಗು ಆಡಿದ್ದಕ್ಕೆ,
ಅದೇ ಕೈಯಲ್ಲಿ ಬಾರಿಸಿದಳು.
ಎರಡನ್ನೂ ಬರೆದುಕೊಳ್ಳಿ, ಕಾಲಮ್ಮು ಇದ್ದರೆ.

ಶಾಲೆ ಬಿಟ್ಟಾಗ ಕೊಟ್ಟ ಸರ್ಟಿಫಿಕೇಟಿನಲ್ಲಿ
ಊರು: ಮಾವೂರು.
ಮಾವಿನ ಊರೇ ಇರಬೇಕು ಎಂದುಕೊಂಡು
ಶ್ರೀನಿವಾಸಪುರದ ಸುತ್ತ ಸೈಕಲ್ ತುಳಿದೆ,
ರೋಣೂರು, ಯಲ್ದೂರು, ರಾಯಲ್ಪಾಡು.
ಆ ಸೀಮೆಯಲ್ಲಿ ಮಾವಿಲ್ಲದ ಊರು ಯಾವುದು?
ತಾಲ್ಲೂಕು ಕಚೇರಿಯ ನಕ್ಷೆಗೆ ಭೂತಗನ್ನಡಿ ಹಿಡಿದೆ.
ಬೀಗರು ಕೇಳಿದಾಗ "ಆ ಕಡೆ" ಎಂದು
ಕೈ ಬೀಸಿದೆ, ಯಾವ ಕಡೆಗೋ.

ಇವತ್ತು ಸಿಕ್ಕಿತು ಸಾಲು. ಇನ್ನೂರ ಹದಿನಾಲ್ಕು.
ಗಂಡು. ಸುಮಾರು ನಾಲ್ಕು ವರ್ಷ.
ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಿದ್ದು. ಮೈಮೇಲೆ ಉಡಿದಾರ.
ಹೆಸರು ಸಮಾಧಾನಂ, ಆ ವಾರದ ವಾಕ್ಯದಿಂದ ಇಟ್ಟದ್ದು.
ಮಸಿಯಲ್ಲಿ: ಮಾವೂರು.
ಮಸಿಯ ಕೆಳಗೆ ಪೆನ್ಸಿಲಿನಲ್ಲಿ, ಮಾಸಿ ಮಾಸಿ,
ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು,
ಮಾ ಊರು.

ಅಷ್ಟೆ.
ಯಾವೂರೋ ಎಂದು ಅವರು ಕನ್ನಡದಲ್ಲಿ ಕೇಳಿದ್ದಾರೆ.
ನಮ್ಮೂರು, ನಮ್ಮೂರು ಎಂದು
ನಾನು ತೆಲುಗಿನಲ್ಲಿ ಅತ್ತಿದ್ದೇನೆ.
ಗುಮಾಸ್ತರು ಕೂಡಿಸಿ ಬರೆದರು. ಅಕ್ಷರ ದುಂಡಗಿದೆ.
ಇದೇ ಕಟ್ಟಡದಲ್ಲಿ, ಆ ಮೂಲೆಯ ಕ್ಲಾಸಿನಲ್ಲಿ,
ಬಾಯಿಪಾಠ ಒಪ್ಪಿಸಿದ್ದೆ: ವಕಾರಾಗಮ ಸಂಧಿ.
ಅರವತ್ತು ವರ್ಷ ಒಂದು ವಕಾರವನ್ನು
ಊರೆಂದು ಹುಡುಕಿದೆ.

ಹೊರಗೆ ಜೀಪು ನಿಂತಿತು.
ಪೇದೆಯ ಬೆರಳು ಹಿಡಿದ ಒಂದು ಮಗು, ಒಂದೇ ಚಪ್ಪಲಿ.
ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತದೆ ಕೇಳಿದಳು, ಊರು?
ಮಗು ಏನೋ ಅಂದಿತು,
ಬಿಹಾರದ್ದೋ ಒಡಿಶಾದ್ದೋ ಮಾತು.
ಅವಳ ಬೆರಳು ಕೀಲಿಯ ಮೇಲೆ ಇಳಿಯುತ್ತಿತ್ತು.
ತಡಿ ತಾಯಿ, ಎಂದೆ, ಬರೀಬೇಡ,
ಇನ್ನೊಂದು ಸಲ ಕೇಳು.

ನನಗೂ ಆ ಭಾಷೆ ಬಾರದು.
ಬೆಂಚಿನಲ್ಲಿ ಸ್ವಲ್ಪ ಸರಿದು ಕೂತೆ,
ಪಕ್ಕದಲ್ಲಿ ಜಾಗ ಬಿಟ್ಟು.